ನಿತ್ಯಪುಷ್ಪದ ಕಷಾಯ ಮತ್ತು ಮೂರು ಮದ್ದು

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವರಲ್ಲಿ ನಾನೇ ಮೊದಲು. ಉಚ್ಚಿಲದಲ್ಲಿ ಅಮ್ಮ ಬುಟ್ಟಿ ಹೊತ್ತು ಮೀನು ಮಾರಿ ನನ್ನನ್ನು ಉಡುಪಿಯ ಕಾಲೇಜಿನಲ್ಲಿ ಓದಿಸಿದಳು. ಎಂಬತ್ತರ ದಶಕದಲ್ಲಿ ನಾನು ಕಾರ್ಕಳದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ಅವಳ ಕುತ್ತಿಗೆಯಲ್ಲಿ ಗಡ್ಡೆ ಎದ್ದಿತು. ಮಣಿಪಾಲದಲ್ಲಿ ಪರೀಕ್ಷಿಸಿ ದುಗ್ಧಗ್ರಂಥಿಯ ಕ್ಯಾನ್ಸರ್ ಎಂದರು. ಮೂರು ವಾರಕ್ಕೊಮ್ಮೆ ಎರಡು ಇಂಜೆಕ್ಷನ್, ಜೊತೆಗೆ ಐದು ದಿನ ಮಾತ್ರೆ.

ತಪ್ಪು ಮಾಡಿದ್ದು ನಾನು. ಎರಡನೇ ಸಲ ಇಂಜೆಕ್ಷನ್ ಆದ ದಿನ, ಕಲಿತ ಜಂಬದಲ್ಲಿ, "ಇದರಲ್ಲಿ ಒಂದು ಮದ್ದು ನಮ್ಮ ಬಾವಿಕಟ್ಟೆಯ ಹತ್ತಿರದ ನಿತ್ಯಪುಷ್ಪದ ಗಿಡದಿಂದಲೇ ತೆಗೆಯುವುದು" ಎಂದುಬಿಟ್ಟೆ. ಮುಂದಿನ ಸಲ ಅವಳನ್ನು ಕರೆದೊಯ್ಯಲು ಬಂದಾಗ ಗಿಡದಲ್ಲಿ ಒಂದು ಎಲೆಯೂ ಇರಲಿಲ್ಲ. ಅಮ್ಮನ ಅಣ್ಣ, ನನ್ನ ಮಾವ, ಮೂರು ದಿನದಿಂದ ಕಷಾಯ ಮಾಡಿ ಅವಳಿಗೆ ಕುಡಿಸುತ್ತಿದ್ದರು. ನಮ್ಮ ಕುಟುಂಬದಲ್ಲಿ ಮಾವ ಹೇಳಿದರೆ ಮುಗಿಯಿತು.

"ನಾಳೆ ಮಣಿಪಾಲ ಬೇಡ. ಅಲ್ಲಿ ಹೋಗಿ ಇವಳ ತಲೆ ಬೋಳಾಯಿತು. ಮದ್ದು ಅಂಗಳದಲ್ಲೇ ಉಂಟಲ್ಲ, ನೀನೇ ಹೇಳಿದ್ದು."

"ಹೇಳಿದ್ದು ಹೌದು. ರಾಶಿ ಎಲೆಯಿಂದ ಸೂಜಿಮೊನೆಯಷ್ಟು ಸತ್ವ ತೆಗೆದು, ಅಳೆದು, ರಕ್ತನಾಳಕ್ಕೆ ಕೊಡುವುದು ಅದು. ಕಷಾಯದಲ್ಲಿ ವಿಷ ಎಷ್ಟು ಉಂಟು, ನಿಮಗೆ ಗೊತ್ತುಂಟಾ?"

"ಎರಡಕ್ಷರ ಕಲಿತಳು, ಈಗ ನಮಗೇ ಪಾಠ."

"ಎರಡಲ್ಲ ಮಾವ, ಹದಿನೈದು ವರ್ಷ ಕಲಿತದ್ದು. ಕೂತು ಕೇಳಿ."

ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಒಂದೊಂದಾಗಿ ಬಿಡಿಸಿ ಹೇಳಿದೆ. ರೋಗದ ಜೀವಕೋಶ ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತದೆ. ಒಂದು ಇಂಜೆಕ್ಷನ್ ಅದರೊಳಗಿನ ಡಿಎನ್‌ಎಯ ಜೋಡಿ ಎಳೆಗಳನ್ನು ಬಿಚ್ಚಲಾಗದಂತೆ ಬಿಗಿದುಬಿಡುತ್ತದೆ. ಬಿಚ್ಚದೆ ಇನ್ನೊಂದು ಪ್ರತಿ ಆಗುವುದಿಲ್ಲ. ನಿತ್ಯಪುಷ್ಪದ್ದು, ಕೋಶ ಎರಡಾಗುವಾಗ ಆಚೆ ಈಚೆ ಎಳೆಯುವ ಹಗ್ಗವನ್ನೇ ಕಟ್ಟಲು ಬಿಡುವುದಿಲ್ಲ. ಮಾತ್ರೆಯ ಕೆಲಸ ಬೇರೆ, ಅದು ಈ ಜಾತಿಯ ಕೋಶ ತಾನಾಗಿ ಸಾಯುವಂತೆ ಮಾಡುತ್ತದೆ. ಒಂದರಿಂದ ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಸಿಗಲಿ ಎಂದೇ ಮೂರು.

"ಹಾಗಾದರೆ ಕೂದಲು ಎಂತ ಮಾಡಿತ್ತು?" ಅಮ್ಮ ಕೇಳಿದಳು.

"ಅದರ ಬುಡದ ಕೋಶಗಳೂ ಬೇಗ ಬೇಗ ಹೆಚ್ಚುವಂಥವು. ಬಂಗುಡೆ ಯಾವುದು, ಬೇರೆ ಮೀನು ಯಾವುದು ಎಂದು ಬಲೆಗೆ ಗೊತ್ತಾಗ್ತದಾ? ಕೂದಲು ಪುನಃ ಬರ್ತದೆ."

ಅವಳು ಮಾವನ ಕಡೆ ತಿರುಗಿದಳು. "ಅಣ್ಣ, ಎಲ್ಲ ಮೀನಿಗೂ ಒಂದೇ ಬಲೆ ಹಿಡಿದು ನೀನು ಕಡಲಿಗೆ ಹೋದದ್ದುಂಟಾ?"

ಮಾವ ಎದ್ದರು. "ಹೋಗುವುದಾದರೆ ಹೋಗಿ. ಆದರೆ ಆಸ್ಪತ್ರೆಯಲ್ಲಿ ಕಷಾಯದ ಸುದ್ದಿ ಎತ್ತಬೇಡಿ. ಮರ್ಯಾದೆ ಹೋಗ್ತದೆ."

ಮರುದಿನ ಬಸ್ಸಿನಲ್ಲಿ ಅಮ್ಮ ತಲೆಗೆ ಸೆರಗು ಹೊದೆಯಲು ಒಪ್ಪಲಿಲ್ಲ. ಕಾಪುವಿನಲ್ಲಿ ಹತ್ತಿದ ಹೆಂಗಸರು ತಿರುಗಿ ತಿರುಗಿ ನೋಡಿದರು. "ನೋಡಲಿ," ಎಂದಳು.

ಮನೆಯಲ್ಲಿ ಬೇರೆ ಏನಾದರೂ ತೆಗೆದುಕೊಂಡಿರಾ ಎಂದು ಡಾಕ್ಟರು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು: "ನಿತ್ಯಪುಷ್ಪದ ಕಷಾಯ, ಮೂರು ದಿನ. ಅಣ್ಣ ಮಾಡಿದ್ದು, ಮಗಳು ಹೇಳಿಕೊಟ್ಟದ್ದು, ಕುಡಿದದ್ದು ನಾನು."

ರಕ್ತ ಪರೀಕ್ಷೆ ಮಾಡಿದರು. ಸೋಂಕು ತಡೆಯುವ ಬಿಳಿ ರಕ್ತಕಣ ಇಳಿದಿತ್ತು, ಕಷಾಯದಿಂದಲೂ ಇರಬಹುದು. ಇವತ್ತು ಇಂಜೆಕ್ಷನ್ ಕೊಡಲಾಗದು, ಒಂದು ವಾರ ಬಿಟ್ಟು ನೋಡುವ ಎಂದರು.

ಅಮ್ಮ ಕುರ್ಚಿಯಿಂದ ಏಳಲಿಲ್ಲ. "ನೋಡುವ ಅಲ್ಲ ಡಾಕ್ಟ್ರೇ, ನಾನು ಬರ್ತೇನೆ. ಚೀಟಿಯಲ್ಲಿ ದಿನ ಈಗಲೇ ಬರೆಯಿರಿ."