ಮಿಸ್ ವರ್ಲೀನ್ ಅವರ ವ್ಯಾನ್ ಯಾರ ಕಡೆ?

ಬೆಳಗಿನ ಜಾವ ನಾಲ್ಕೂವರೆ. ಮುಂದಿನ ಗಾಜಿಗೆ ಕಟ್ಟಿಕೊಂಡ ಹಿಮವನ್ನು ವರ್ಲೀನ್ ಹೇರ್‌ಸ್ಟನ್ ಅವಧಿ ಮುಗಿದ ಯಾವುದೋ ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆದು ತೆಗೆಯುತ್ತಿದ್ದಾರೆ. ವ್ಯಾನಿನ ಪಕ್ಕದ ಬಾಗಿಲು ಜಗ್ಗಿದರೆ ಬರುವುದಿಲ್ಲ, ಕೆಳಗಡೆ ಒಂದು ಒದೆ ಬೀಳಬೇಕು. ಒದೆ ಕೊಟ್ಟು, ಬಾಗಿಲು ಸರಿಸಿ, ಹಿಂದಿನ ಸೀಟಿನಲ್ಲಿ ಯಾರೋ ಮರೆತ ಉಣ್ಣೆ ಟೋಪಿಯನ್ನು ಕೊಡವಿ ಕೊಕ್ಕೆಗೆ ಸಿಕ್ಕಿಸುತ್ತಾರೆ. ಐವತ್ತೊಂಬತ್ತರ ಹೆಂಗಸು, ಗಟ್ಟಿ ಆಳು, ದನಿ ಇನ್ನೂ ಗಟ್ಟಿ. ವರ್ಜೀನಿಯಾದ ದಕ್ಷಿಣ ಅಂಚಿನ ನಮ್ಮ ಕೌಂಟಿಯಲ್ಲಿ ಈ ಹೊತ್ತಿಗೆ ಎದ್ದು ಓಡಾಡುವವರು ಇವರು ಮತ್ತು ಇವರ ಹನ್ನೊಂದು ಪ್ರಯಾಣಿಕರು ಮಾತ್ರ.

ಮೊದಲ ನಿಲ್ದಾಣ ಪೆಟ್ರೋಲ್ ಬಂಕಿನ ಹಿಂದಿನ ಟ್ರೇಲರ್ ಮನೆಗಳ ಸಾಲು, ಲಾರಿಯಲ್ಲಿ ಎಳೆದು ತಂದಿಟ್ಟ ಅಗ್ಗದ ತಗಡಿನ ಮನೆಗಳು. ಅಲ್ಲಿ ಎಲ್ಲರಿಗಿಂತ ಮೊದಲು ಬಂದು ನಿಂತಿರುವವರು ಆಲ್ಟನ್ ಪ್ರೂಯಿಟ್. ಅರವತ್ತು ದಾಟಿದ, ಕಡ್ಡಿಯಂಥ, ಮಾತು ಕಡಿಮೆಯ ಮನುಷ್ಯ. ಎಲ್ಲರಿಗಿಂತ ಕೊನೆಗೆ ಬೂಟು ಕೈಯಲ್ಲಿ ಹಿಡಿದು ಓಡಿ ಬರುವವರು ರೋಂಡಾ.

"ಎರಡೇ ನಿಮಿಷ ಲೇಟು ಮಿಸ್ ವರ್ಲೀನ್."

"ಹತ್ತು ಮರಿ, ಹತ್ತು. ಕೋಳಿಗಳು ನಿನಗೋಸ್ಕರ ಕಾಯ್ತಾ ಕೂತಿಲ್ಲ."

"ಅವಕ್ಕೇನು ಅವಸರ? ಅವು ಬಂದಿರೋದೇ ಸಾಯೋಕೆ."

ಕೋಳಿ ಕಾರ್ಖಾನೆ ಇಲ್ಲಿಂದ ಮುಕ್ಕಾಲು ಗಂಟೆಯ ದಾರಿ. ಕೌಂಟಿಯಲ್ಲಿ ಬಸ್ಸಿಲ್ಲ. ಈ ವ್ಯಾನಿನಲ್ಲಿ ಕೂತವರಲ್ಲಿ ಹೆಚ್ಚಿನವರಿಗೆ ಡ್ರೈವಿಂಗ್ ಲೈಸೆನ್ಸ್ ಇಲ್ಲ, ಇದ್ದವರಿಗೆ ಕಾರಿಲ್ಲ. ಇವರೆಲ್ಲ ಒಂದಲ್ಲ ಒಂದು ಕಾಲದಲ್ಲಿ ಜೈಲು ಕಂಡು ಬಂದವರು. ಜೈಲಿನಿಂದ ಬಂದವರನ್ನು ಹೆಚ್ಚು ಪ್ರಶ್ನೆ ಕೇಳದೆ ಕೆಲಸಕ್ಕೆ ತೆಗೆದುಕೊಳ್ಳುವುದು ನಮ್ಮ ಕಡೆ ಕೋಳಿ ಕಾರ್ಖಾನೆ ಒಂದೇ. ಹಾಗಾಗಿ ವರ್ಲೀನ್ ಅವರ ವ್ಯಾನ್ ಒಂದು ದಿನ ಹೊರಡದಿದ್ದರೆ ಹನ್ನೊಂದು ಮನೆಗಳ ಕೆಲಸ ಅಲ್ಲಾಡುತ್ತದೆ. ಹದಿನಾಲ್ಕು ವರ್ಷಗಳಲ್ಲಿ ಹಾಗೆ ಹೊರಡದೇ ಉಳಿದದ್ದು ಎರಡು ಸಲವಂತೆ. ಒಮ್ಮೆ ಅಮ್ಮ ತೀರಿಕೊಂಡಾಗ, ಇನ್ನೊಮ್ಮೆ ಹಿಮಗಾಳಿಗೆ ರಸ್ತೆಯೇ ಮುಚ್ಚಿದಾಗ.

ವರ್ಲೀನ್ ಅವರೂ ಜೈಲು ಕಂಡವರೇ. ಇಪ್ಪತ್ತಾರರ ವಯಸ್ಸಿನಲ್ಲಿ ಒಂದು ಸಂಜೆ ಅಂಗಡಿಯೊಂದರ ಮುಂದೆ ಕಾರಿನ ಸ್ಟೀರಿಂಗ್ ಹಿಡಿದು ಕೂತಿದ್ದರು. ಒಳಗೆ ಹೋದ ಗೆಳೆಯನ ಕೈಯಲ್ಲಿ ಪಿಸ್ತೂಲಿತ್ತು. ಯಾರಿಗೂ ಗುಂಡು ತಾಗಲಿಲ್ಲ, ಆದರೆ ಕಾನೂನಿನ ಕಣ್ಣಿಗೆ ಒಳಗೆ ಹೋದವನೂ ಹೊರಗೆ ಕಾದವಳೂ ಒಂದೇ. ಹನ್ನೊಂದು ವರ್ಷ ಒಳಗಿದ್ದರು. ಮಗಳನ್ನು ಅಜ್ಜಿ ಬೆಳೆಸಿದರು.

"ಅವನ ಹತ್ರ ಪಿಸ್ತೂಲಿದೆ ಅಂತ ನಿಮಗೆ ಗೊತ್ತಿರಲಿಲ್ಲ ಅಲ್ವಾ?" ಎಂದು ಮುಂದಿನ ಸೀಟಿನಲ್ಲಿ ನೋಟ್‌ಬುಕ್ ಹಿಡಿದು ಕೂತ ನಾನು ಸಮಾಧಾನದ ದನಿಯಲ್ಲಿ ಕೇಳುತ್ತೇನೆ.

"ಗೊತ್ತಿರಲಿಲ್ಲ ಅಂದ್ರೆ ನೀವು ಹಾಗೇ ಬರ್ಕೋತೀರಿ, ಓದೋರು ಪಾಪ ಅಂತಾರೆ. ಗೊತ್ತಿತ್ತು ಕಣ್ರೀ. ಅವನು ಹೇಳಿದ್ದೆಲ್ಲ ಚೆನ್ನಾಗೇ ಕಾಣ್ತಿತ್ತು ಆಗ." ಕನ್ನಡಿಯಲ್ಲಿ ಹಿಂದಿನ ಸೀಟುಗಳನ್ನು ಒಮ್ಮೆ ನೋಡಿ ನಗುತ್ತಾರೆ. "ಅವತ್ತೂ ಡ್ರೈವರ್, ಇವತ್ತೂ ಡ್ರೈವರ್. ಇವತ್ತು ಹತ್ತೋರು ಒಳ್ಳೇವರು, ಅಷ್ಟೇ ವ್ಯತ್ಯಾಸ."

ಬಿಡುಗಡೆಯಾದ ಮೇಲೆ ಇದೇ ಕಾರ್ಖಾನೆಯಲ್ಲಿ ಕೋಳಿಯ ಮೂಳೆ ಬಿಡಿಸುವ ಸಾಲಿನಲ್ಲಿ ನಿಂತರು. ಆ ತಣ್ಣನೆಯ ಕೆಲಸಕ್ಕೆ ಬೆರಳುಗಳು ಸೆಟೆದು, ಮುಷ್ಟಿ ಕಟ್ಟಲಾಗದ ಹಾಗಾದಾಗ ಒಂದು ಚರ್ಚಿನವರು ಮಾರಾಟಕ್ಕಿಟ್ಟಿದ್ದ ಈ ವ್ಯಾನನ್ನು ಕೊಂಡರು. ಪಕ್ಕದಲ್ಲಿ ಚರ್ಚಿನ ಹೆಸರು ಇನ್ನೂ ಅರ್ಧ ಕಾಣುತ್ತದೆ. ಅಳಿಸುವ ಗೋಜಿಗೆ ಹೋಗಿಲ್ಲ.

ನಮ್ಮ ರಾಜ್ಯದಲ್ಲಿ ಒಮ್ಮೆ ದೊಡ್ಡ ಅಪರಾಧಕ್ಕೆ ಶಿಕ್ಷೆಯಾದರೆ ಮತದ ಹಕ್ಕು ಬದುಕಿಡೀ ಹೋದಂತೆಯೇ. ಶಿಕ್ಷೆ ಮುಗಿಸಿ ಬಂದರೂ ಅದು ತಾನಾಗಿ ಮರಳುವುದಿಲ್ಲ, ಗವರ್ನರ್ ಮನಸ್ಸು ಮಾಡಿ ಕೊಟ್ಟರೆ ಉಂಟು. ವರ್ಲೀನ್ ಅವರಿಗೆ ಅದು ಬಂದು ಕೆಲವು ವರ್ಷಗಳಾದವು. ಅಂದಿನಿಂದ ವ್ಯಾನ್ ಹತ್ತಿದವರ ಬೆನ್ನು ಬಿಡುತ್ತಿಲ್ಲ. ಅರ್ಜಿ ಹಾಕಿದ್ಯಾ, ಹಾಕಿದ್ಯಾ ಎಂದು ದಿನಾ ಒಂದೇ ರಾಗ. ಆಲ್ಟನ್ ಅವರನ್ನಂತೂ ಕೆಲಸದಿಂದ ವಾಪಸಾಗುವಾಗ ಮನೆ ಮುಂದೆ ಇಳಿಸದೆ ನೇರ ಕಂಪ್ಯೂಟರ್ ಇರುವ ಗ್ರಂಥಾಲಯದ ಬಾಗಿಲಲ್ಲಿ ಇಳಿಸಿ, ಅರ್ಜಿ ಹಾಕಿ ಬಾ ಎಂದು ಕಳಿಸಿದ್ದರು. ಹೋದ ಬೇಸಿಗೆಯಲ್ಲಿ ಅವರ ಹಕ್ಕೂ ಮರಳಿತು. "ನಾನು ಓಟು ಹಾಕಲ್ಲ" ಎಂದು ಅವರು ಅಂದೇ ಹೇಳಿಬಿಟ್ಟರು. ವರ್ಲೀನ್ ಅವರಿಗೆ ತಲೆನೋವು ಶುರುವಾದದ್ದು ಅಲ್ಲಿಂದ.

ಅದು ಶೆರಿಫ್ ಚುನಾವಣೆಯ ವರ್ಷ. ಕೌಂಟಿಯ ಪೊಲೀಸರಿಗೆಲ್ಲ ಮುಖ್ಯಸ್ಥರು ಶೆರಿಫ್, ಅವರನ್ನು ಆರಿಸುವುದೂ ನಾವೇ. ಹಾಲಿ ಶೆರಿಫ್ ವೇಡ್ ಕ್ಲಾರ್ಡಿ ಹಿಂದಿನ ಸಲ ಕೂದಲೆಳೆಯ ಅಂತರದಲ್ಲಿ ಗೆದ್ದಿದ್ದರು. ಈ ಸಲ ಎದುರಿಗೆ ನಿಂತವರು ಡೇನಿಯಲ್ ಮೇಫೀಲ್ಡ್. ಹಕ್ಕು ಮರಳಿ ಪಡೆದವರು ನಮ್ಮಲ್ಲಿ ಕೆಲವು ನೂರು ಮಂದಿಯಾದರೂ ಇದ್ದಾರೆ. ತಗೊಳ್ಳಿ, ಹೋಟೆಲಿನಲ್ಲಿ ಕಾಫಿ ಕುಡಿಯುವವರೆಲ್ಲ ಲೆಕ್ಕಿಗರಾದರು. ಇವರಲ್ಲಿ ಅರ್ಧ ಜನರ ಕೈಗೆ ಬೇಡಿ ತೊಡಿಸಿದವರೇ ಕ್ಲಾರ್ಡಿ, ಇವರು ಬಿಡುತ್ತಾರೆಯೇ, ಒಟ್ಟಾಗಿ ಹೋಗಿ ಕೆಡವುತ್ತಾರೆ ಎಂಬುದು ಆ ಲೆಕ್ಕ.

ಈ ಲೆಕ್ಕ ಕೇಳಿದರೆ ನನಗೆ ಮೈ ಉರಿಯುತ್ತದೆ. ಟಿವಿಯಲ್ಲೂ ಅದೇ. ಇವರಿಗೆ ಮತ ಕೊಟ್ಟರೆ ಯಾವ ಪಕ್ಷಕ್ಕೆ ಲಾಭ, ಯಾವ ಪಕ್ಷಕ್ಕೆ ನಷ್ಟ ಎಂದು ಕೋಟು ತೊಟ್ಟವರು ಗಂಟೆಗಟ್ಟಲೆ ಕೊರೆಯುತ್ತಾರೆ. ಹಕ್ಕು ಮರಳಿದವರಲ್ಲಿ ಮತಗಟ್ಟೆಗೆ ಬರುವವರೇ ಕಡಿಮೆ, ಬಂದವರೂ ಒಂದೇ ಕಡೆ ಹಾಕುವುದಿಲ್ಲ ಎಂದು ಇದನ್ನು ಅಧ್ಯಯನ ಮಾಡಿದವರು ಹೇಳುತ್ತಲೇ ಬಂದಿದ್ದಾರೆ. ಅಷ್ಟು ದೂರವೂ ಹೋಗಬೇಕಿಲ್ಲ, ಈ ವ್ಯಾನಿನಲ್ಲಿ ಒಂದು ದಿನ ಕೂತರೆ ಸಾಕು. ಕಿಟಕಿ ಎಷ್ಟು ತೆಗೆಯಬೇಕು ಎನ್ನುವುದರಲ್ಲೇ ಇವರು ಒಮ್ಮತಕ್ಕೆ ಬಂದದ್ದನ್ನು ನಾನು ನೋಡಿಲ್ಲ.

ಅಕ್ಟೋಬರ್‌ನ ಒಂದು ಮುಂಜಾನೆ ಮೇಫೀಲ್ಡ್ ಕಡೆಯ ಒಬ್ಬರು ಡೋನಟ್ ಡಬ್ಬಿ ಹಿಡಿದು ನಿಲ್ದಾಣಕ್ಕೇ ಬಂದರು. ವ್ಯಾನಿನ ಕಿಟಕಿಗೆ ಬಾಗಿ, "ಮಿಸ್ ವರ್ಲೀನ್, ನಿಮ್ಮ ವ್ಯಾನ್ ನಮ್ಮ ಕಡೆ ಅಂತ ಬರ್ಕೊಳ್ಲಾ?" ಎಂದರು.

"ವ್ಯಾನ್‌ಗೆ ಓಟಿಲ್ಲ ಮರಿ," ಎಂದರು ವರ್ಲೀನ್. "ಒಳಗೆ ಕೂತಿರೋರನ್ನ ಒಬ್ಬೊಬ್ರನ್ನೇ ಕೇಳ್ಕೋ. ಡೋನಟ್ ಮಾತ್ರ ಇಟ್ಟು ಹೋಗು."

ಡೋನಟ್ ಖಾಲಿಯಾಯಿತು, ಉತ್ತರ ಯಾರೂ ಕೊಡಲಿಲ್ಲ. ಅದಾಗಿ ವಾರದೊಳಗೆ ಶೆರಿಫ್ ಕ್ಲಾರ್ಡಿ ಅವರೇ ಬಂದು ಅದೇ ಜಾಗದಲ್ಲಿ, ಅದೇ ಚಳಿಯಲ್ಲಿ ನಿಂತರು. ಟೋಪಿ ತೆಗೆದು ಎಲ್ಲರ ಕೈ ಕುಲುಕಿದರು. "ಮಿಸ್ಟರ್ ಪ್ರೂಯಿಟ್, ನಿಮ್ಮ ಓಟು ನನಗೆ ಬೇಕು ಸಾರ್" ಎಂದರು. ಹಿಂದೊಮ್ಮೆ, ಇನ್ನೂ ಸಾಮಾನ್ಯ ಪೊಲೀಸರಾಗಿದ್ದಾಗ, ಇದೇ ಪ್ರೂಯಿಟ್ ಅವರನ್ನು ಕಾಲರ್ ಹಿಡಿದು ಜೀಪಿಗೆ ಹತ್ತಿಸಿದ್ದವರು ಇವರೇ. ಮತದ ಹಕ್ಕು ಮರಳಿದರೆ ಚುನಾವಣೆ ಹೇಗೆ ಬದಲಾಗುತ್ತದೆ ಎಂದು ಕೇಳುವವರಿಗೆ ನಾನು ಹೇಳುವುದು ಇದನ್ನೇ. ಗೆಲ್ಲುವವರು ಬದಲಾಗುತ್ತಾರೋ ಇಲ್ಲವೋ ದೇವರಿಗೇ ಗೊತ್ತು, ಓಟು ಕೇಳುವವರು ಟ್ರೇಲರ್ ಮನೆಗಳ ಮುಂದೆ ಟೋಪಿ ತೆಗೆದು ನಿಲ್ಲಲೇಬೇಕಾಗುತ್ತದೆ. ಅದನ್ನು ಕೇಳಿ ನನಗಂತೂ ಎದೆ ತುಂಬಿತು.

ಆಲ್ಟನ್ ಅವರಿಗೆ ಮಾತ್ರ ಎದೆ ನಡುಗಿತು. "ನನ್ನ ಹೆಸರು ಗೊತ್ತು ಅವರಿಗೆ," ಎಂದು ದಾರಿಯುದ್ದಕ್ಕೂ ಅದನ್ನೇ ಹೇಳಿದರಂತೆ. "ಯಾರಿಗೆ ಹಾಕ್ದೆ ಅಂತಾನೂ ಗೊತ್ತಾಗುತ್ತೆ. ಆಮೇಲೆ ಏನೋ ಒಂದು ತಪ್ಪು ಹುಡುಕ್ತಾರೆ." ಬೇರೆ ರಾಜ್ಯಗಳಲ್ಲಿ ಹಕ್ಕು ಬಂದಿದೆ ಎಂದುಕೊಂಡು ಮತ ಹಾಕಿ, ಬಂದಿರಲಿಲ್ಲ ಎಂದು ಮತ್ತೆ ಕೋರ್ಟು ಹತ್ತಿದವರ ಸುದ್ದಿಯನ್ನೂ ಅವರು ಕೇಳಿದ್ದರು. ಈ ಭಯವನ್ನು ಹೇಡಿತನ ಎನ್ನಲು ನನಗೆ ಬಾಯಿ ಬರುವುದಿಲ್ಲ. ಇಪ್ಪತ್ತು ವರ್ಷ ಒಳಗಿದ್ದ ಮನುಷ್ಯ, ಮತ್ತೆ ಆ ಬಾಗಿಲು ತೆರೆಯಬಹುದಾದ ಯಾವುದನ್ನೂ ಮುಟ್ಟುವುದಿಲ್ಲ ಎಂದರೆ ತಪ್ಪೇನು?

"ನಾನೂ ಬೈಲಿಲ್ಲ," ಎನ್ನುತ್ತಾರೆ ವರ್ಲೀನ್. "ಅರ್ಜಿ ಹಾಕ್ಸಿದ್ದು ನಾನು. ಅವನಿಗೇನಾದ್ರೂ ಆಗಿದ್ರೆ ಪಾಪ ನನ್ನ ತಲೆ ಮೇಲೇ ತಾನೇ."

ನವೆಂಬರ್‌ನ ಆ ಮಂಗಳವಾರ ಪಾಳಿ ಮುಗಿದ ಮೇಲೆ ವ್ಯಾನ್ ನೇರ ಮತಗಟ್ಟೆಗೆ ಬಂತು. ನಮ್ಮ ಮತಗಟ್ಟೆ ಎಂದರೆ ಅಗ್ನಿಶಾಮಕ ಠಾಣೆ. ಅಂದು ಕೆಂಪು ಲಾರಿಗಳನ್ನು ಹೊರಗೆ ನಿಲ್ಲಿಸಿ ಒಳಗೆ ಮೇಜು ಹಾಕಿರುತ್ತಾರೆ. ಹಕ್ಕಿದ್ದವರು ಮತ ಹಾಕಲು, ಇನ್ನೂ ಬಾರದವರು ಕಾಲಾಡಿಸಲು, ಎಲ್ಲರೂ ಇಳಿದರು. ಆಲ್ಟನ್ ಇಳಿಯಲಿಲ್ಲ. ರಸ್ತೆಯಾಚೆ ಶೆರಿಫ್ ಕಚೇರಿಯ ಕಾರೊಂದು ನಿಂತಿತ್ತು. ಒಳಗಿದ್ದ ಪೊಲೀಸಪ್ಪ ತನ್ನ ಪಾಡಿಗೆ ತಾನು ಹಾಟ್ ಡಾಗ್ ತಿನ್ನುತ್ತಿದ್ದ. ಆಲ್ಟನ್ ಕಣ್ಣು ಮಾತ್ರ ಆ ಕಾರಿನಿಂದ ಕೀಳಲಿಲ್ಲ.

ವರ್ಲೀನ್ ಕೂಡ ಇಳಿಯಲಿಲ್ಲ. "ನಿನ್ನೊಬ್ಬನ್ನೇ ಬಿಟ್ಟು ಹೋಗಲ್ಲ. ಹೀಟರ್ ಹಾಕ್ಲಾ ಬೇಡ್ವಾ, ಅಷ್ಟು ಹೇಳು" ಎಂದರು. ಆಮೇಲೆ ನಡೆದ ಮಾತನ್ನು ನಾನು ಇಬ್ಬರ ಬಾಯಲ್ಲೂ ಬೇರೆ ಬೇರೆಯಾಗಿ ಕೇಳಿದ್ದೇನೆ, ಒಂದಕ್ಷರ ಹೆಚ್ಚುಕಡಿಮೆ ಇಲ್ಲ.

"ಒಳಗೆ ಯಾರಾದ್ರೂ ಹಿಂದೆ ನಿಂತ್ಕೊಂಡು ನೋಡ್ತಾರಾ?" ಎಂದು ಕೇಳಿದರು ಆಲ್ಟನ್.

"ಇಲ್ಲ ಕಣೋ. ಮೇಜಿನ ಮೇಲೆ ಅಡ್ಡ ರಟ್ಟು ಇಟ್ಟಿರ್ತಾರೆ. ನಾನು ಪಕ್ಕದಲ್ಲಿದ್ರೂ ಕಾಣಲ್ಲ."

"ಆಮೇಲೆ ಯಾರಾದ್ರೂ ಕೇಳಿದ್ರೆ?"

"ಹೇಳ್ಬೇಡ."

"ಶೆರಿಫೇ ಕೇಳಿದ್ರೆ?"

"ಅವರಿಗೂ ಹೇಳ್ಬೇಡ."

ಆಲ್ಟನ್ ರಸ್ತೆಯಾಚೆಯ ಕಾರನ್ನು ಇನ್ನೊಮ್ಮೆ ನೋಡಿದರು. ಆಮೇಲೆ, "ಹೇಳ್ದೇ ಇರಬಹುದಾ?" ಎಂದರು.

"ಇರಬಹುದು."

ಅವರು ಇಳಿದರು. ವರ್ಲೀನ್ ಹಿಂದೆಯೇ ಹೋದರು. ಒಳಗೆ ಮೇಜಿನ ಹಿಂದೆ ಕೂತಿದ್ದ ಹಿರಿಯ ಹೆಂಗಸು ನಿಮ್ಮ ಹೆಸರು, ವಿಳಾಸ ಹೇಳಿ ಎಂದದ್ದೇ ತಡ, ಆಲ್ಟನ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ನೆಟ್ಟಗೆ ನಿಂತು, "ಪ್ರೂಯಿಟ್, ಆಲ್ಟನ್" ಎಂದು ಹೇಳಿ, ಉಸಿರು ತೆಗೆದುಕೊಳ್ಳದೆ ತಮ್ಮ ಜೈಲು ನಂಬರನ್ನು ಪೂರ್ತಿ ಒಪ್ಪಿಸಿಬಿಟ್ಟರು. ಆ ಹಿರಿಯ ಹೆಂಗಸು ತಲೆಯೆತ್ತಿ ನೋಡಿ, "ಅದೆಲ್ಲ ಬೇಡಪ್ಪ. ಮನೆ ಎಲ್ಲಿದೆ ಹೇಳು, ಸಾಕು" ಎಂದರು. ಆಲ್ಟನ್ ಮನೆಯಿರುವ ಬೀದಿಯ ಹೆಸರು ಹೇಳಿದರು.

"ನಗು ಬಂತು, ಅಳೂನೂ ಬಂತು," ಎನ್ನುತ್ತಾರೆ ವರ್ಲೀನ್. "ಸಾಲಲ್ಲಿ ನಾನೂ ನಿಂತಿದ್ನಲ್ಲ, ಎರಡನ್ನೂ ನುಂಗ್ಕೊಂಡೆ."

ವಾಪಸು ಬರುವಾಗ ರೋಂಡಾ ಬಿಡಬೇಕಲ್ಲ. ಯಾರಿಗೆ ಹಾಕಿದೆ, ಯಾರಿಗೆ ಹಾಕಿದೆ ಎಂದು ಆಲ್ಟನ್ ಅವರ ಪಕ್ಕೆ ತಿವಿದದ್ದೇ ತಿವಿದದ್ದು. ತಾವು ಕ್ಲಾರ್ಡಿಗೇ ಹಾಕಿದ್ದು ಎಂದು ರೋಂಡಾ ಎಲ್ಲರೆದುರು ಹೇಳಿಕೊಂಡರು. ಅದೂ ಕ್ಲಾರ್ಡಿಯಿಂದಲೇ ಎರಡು ಸಲ ಬಂಧನಕ್ಕೊಳಗಾದವರು. "ನನ್ನ ತಮ್ಮ ನಶೆ ಮಾತ್ರೆ ಹೆಚ್ಚಾಗಿ ಉಸಿರು ನಿಂತು ಬಿದ್ದಿದ್ದಾಗ ಮೊದಲು ಓಡಿ ಬಂದೋನು ಆ ಮನುಷ್ಯನೇ. ನನ್ನ ಹಿಡಿದಿದ್ದು ನಾನು ಮಾಡಿದ್ದಕ್ಕೆ" ಎಂದರು. ಹಿಂದಿನ ಸೀಟಿನವರು ಅದಕ್ಕೆ ಹೋ ಎಂದು ಕೂಗಿ ಗೇಲಿ ಮಾಡಿದರು. ಜಗಳ ಊರು ಮುಟ್ಟುವವರೆಗೂ ನಡೆಯಿತು.

ಆಲ್ಟನ್ ಇಳಿಯುವಾಗ ರೋಂಡಾ ಕೊನೆಯ ಸಲ ಕೇಳಿದರು. ಆಲ್ಟನ್ ಬಾಗಿಲು ಹಿಡಿದು ನಿಂತು, "ಅದು ನಿನಗ್ಯಾಕಮ್ಮ?" ಎಂದರು. ಅವರ ಬಾಯಲ್ಲಿ ಅಂಥ ಮಾತನ್ನು ಅವರ್ಯಾರೂ ಅದುವರೆಗೆ ಕೇಳಿರಲಿಲ್ಲ.

ಗೆದ್ದವರು ಕ್ಲಾರ್ಡಿಯೇ, ಹಿಂದಿನ ಸಲಕ್ಕಿಂತ ತುಸು ಹೆಚ್ಚಿನ ಅಂತರದಲ್ಲಿ. ಹೋಟೆಲಿನ ಲೆಕ್ಕಿಗರು ಈಗ ತಿರುವುಮುರುವು ಮಾಡಿಕೊಂಡು, ಜೈಲಿಂದ ಬಂದವರೇ ಅವರನ್ನು ಗೆಲ್ಲಿಸಿದ್ದು ಎನ್ನುತ್ತಿದ್ದಾರೆ. ಮೇಫೀಲ್ಡ್ ಕಡೆಯವರು ಡೋನಟ್ ದಂಡ ಎನ್ನುತ್ತಾರಂತೆ.

ಇವತ್ತು ವ್ಯಾನ್ ಕಾರ್ಖಾನೆಯ ಗೇಟು ಮುಟ್ಟುವ ಹೊತ್ತಿಗೆ ಇನ್ನೂ ಬೆಳಕು ಹರಿದಿಲ್ಲ. ಹನ್ನೊಂದು ಜನರೂ ಇಳಿದು, ಬಿಳಿ ಕೋಟು ತೊಡುತ್ತಾ ಒಳಗೆ ಹೋಗುತ್ತಾರೆ. ವರ್ಲೀನ್ ಸೀಟುಗಳ ಮೇಲಿನ ಕಸ ಗುಡಿಸಿ, ಥರ್ಮಾಸಿನಿಂದ ಕಾಫಿ ಬಗ್ಗಿಸಿ ನನಗೂ ಕೊಡುತ್ತಾರೆ. ಇನ್ನೇನು ಆಸೆ ಇದೆ ಎಂದು ಕೇಳಿದರೆ, "ಇವರೆಲ್ಲ ಲೈಸೆನ್ಸ್ ಮಾಡಿಸ್ಕೊಂಡು, ಸ್ವಂತ ಕಾರಲ್ಲಿ ನನ್ನನ್ನ ಹಿಂದೆ ಹಾಕಿ ಹೋಗ್ಬೇಕು. ಹಾರನ್ ಹೊಡೆದು ಹೋದ್ರೂ ಬೈಯಲ್ಲ" ಎನ್ನುತ್ತಾರೆ.

ನಾನು ಬಿಡುವವನಲ್ಲ. ನೀವು ಯಾರಿಗೆ ಹಾಕಿದಿರಿ ಎಂದು ಕೇಳಿಯೇಬಿಡುತ್ತೇನೆ. ಅವರು ಕಪ್ಪಿನ ತಳದಲ್ಲಿ ಉಳಿದ ಕಾಫಿಯನ್ನು ಕಿಟಕಿಯಾಚೆ ಚೆಲ್ಲುತ್ತಾರೆ.

"ಒಳಗಿದ್ದಾಗ ನನ್ನ ಹಾಸಿಗೆ ಮಗುಚಿ ನೋಡ್ತಿದ್ರು. ಬಟ್ಟೆ ಬಿಚ್ಚಿಸಿ ನೋಡ್ತಿದ್ರು, ನಾಲಿಗೆ ಎತ್ತಿಸಿ ನೋಡ್ತಿದ್ರು. ಈಗ ನನ್ನ ಹತ್ರ ಒಂದಿದೆ, ಯಾರು ಬಂದ್ರೂ ಅದನ್ನ ಬಿಚ್ಚಿ ನೋಡೋಕಾಗಲ್ಲ. ನಿಮಗ್ಯಾಕೆ ತೋರಿಸ್ಲಿ?"