ಹಣೆ ಮುಟ್ಟದೆ ವ್ಯಾನು ಹೊರಡದು

ಬೆಂಗಳೂರಿನ ಕೆಲಸಕ್ಕೆ ಹೊರಟ ಹೆಂಗಸರು ಮಾರಿಕುಪ್ಪಂ ಸ್ಟೇಷನ್ನಿನತ್ತ ಓಡುನಡಿಗೆಯಲ್ಲಿದ್ದಾರೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದಾರಿಗೆ ಅಡ್ಡ ನಿಂತ ವೆಂಕಟರತ್ನಮ್ಮ, ತಮ್ಮ ಶಾಲಾ ವ್ಯಾನಿನ ಮಕ್ಕಳ ತಾಯಂದಿರನ್ನು ಹೆಕ್ಕಿ ಹೆಕ್ಕಿ ತಡೆಯುತ್ತಾರೆ. “ರಾತ್ರಿ ಕೆಮ್ಮಿದ್ನಾ? ನಿದ್ದೆ ಮಾಡಿದ್ನಾ? ನೆಲ ನೋಡ್ಬೇಡ, ನನ್ ಮುಖ ನೋಡಿ ಮಾತಾಡು.” ರೈಲು ತಪ್ಪುತ್ತದೆ ಎಂದು ಗೋಗರೆದರೂ ಬಿಡುವುದಿಲ್ಲ. ಉತ್ತರ ಸಿಕ್ಕಿದರೂ ನಂಬುವುದಿಲ್ಲ. ಆಮೇಲೆ ಮನೆ ಮನೆಗೆ ಹೋಗಿ ಮಗುವಿನ ಹಣೆ, ಕತ್ತು, ಕಿವಿಯ ಹಿಂಭಾಗ ಮುಟ್ಟಿ ನೋಡಿ, ಬೆನ್ನಿಗೆ ಕಿವಿಯಾನಿಸಿ ಉಸಿರಾಟ ಕೇಳಿಸಿಕೊಂಡ ಮೇಲಷ್ಟೇ ವ್ಯಾನಿನ ಬಾಗಿಲು ತೆರೆಯುತ್ತದೆ.

ಮೈಸೂರು ಮೈನ್ಸ್‌ನ ಹಳೆಯ ಗಣಿ ಕಾರ್ಮಿಕರ ಲೈನ್ ಮನೆಯೊಂದರಲ್ಲಿರುವ, ಐವತ್ತು ದಾಟಿದ ರತ್ನಮ್ಮ ಬಂಗಾರಪೇಟೆಯ ವಿಶೇಷ ಮಕ್ಕಳ ಶಾಲೆಯೊಂದರಲ್ಲಿ ಆಯಾ. ವ್ಯಾನಿನಲ್ಲಿ ಏಳು ಮಕ್ಕಳನ್ನು ಕರೆದೊಯ್ದು, ಉಣ್ಣಿಸಿ, ತೊಳೆದು, ಸಂಜೆ ಮನೆ ಸೇರಿಸುವುದು ಇವರ ಕೆಲಸ. ಏಳರಲ್ಲಿ ಐವರಿಗೆ ಡೌನ್ ಸಿಂಡ್ರೋಮ್. ಊರಿನವರು ಇವರನ್ನು ‘ಅನುಮಾನದ ರತ್ನಮ್ಮ’ ಎಂದೇ ಕರೆಯುತ್ತಾರೆ. ಈ ಲೇಖನಕ್ಕಾಗಿ ಬಂದವರೂ ಅದರಿಂದ ತಪ್ಪಿಸಿಕೊಳ್ಳಲಾಗಲಿಲ್ಲ. “ಯಾವ್ ಪೇಪರ್ ಸಾ ನಿಮ್ದು? ನಿಮ್ಗೆ ನೆಗಡಿ ಐತೇನು? ಇದ್ರೆ ಮಕ್ಳ ಅತ್ರ ಬರ್ಬೇಡಿ, ಅಲ್ಲೇ ನಿಂತು ಕೇಳಿ.”

ಈ ಅನುಮಾನ ಹುಟ್ಟಿದ್ದು ಸುಮ್ಮನೆ ಅಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮುನಿರಾಜ್ ಎಂಬ ಪುಟ್ಟ ಹುಡುಗನೊಬ್ಬ ಇವರ ಮಡಿಲಲ್ಲೇ ಕೂತು ಬರುತ್ತಿದ್ದ. ಒಂದು ಬೆಳಗ್ಗೆ ಕೆಮ್ಮುತ್ತಿದ್ದ. ಬರೀ ಶೀತ ಅಂದರು ಮನೆಯವರು, ಇವರೂ ತಲೆಯಾಡಿಸಿದರು. ಅದು ಎದೆಗೆ ಇಳಿಯಿತು. ವಾರ ಕಳೆಯುವುದರೊಳಗೆ ಹುಡುಗ ಇರಲಿಲ್ಲ. “ಬರೀ ಶೀತ ಅನ್ನೋ ಮಾತು ಕೇಳಿದ್ರೆ ಈಗ್ಲೂ ಒಟ್ಟೆ ಉರೀತದೆ ಸಾ,” ಎನ್ನುತ್ತಾರೆ ರತ್ನಮ್ಮ. ಅಂದಿನಿಂದ ಮೈ ಬೆಚ್ಚಗಿರುವ ಮಗು ವ್ಯಾನು ಹತ್ತುವ ಹಾಗಿಲ್ಲ. ತಾಯಿ ಅತ್ತರೂ ಅಷ್ಟೇ, ಬೈದರೂ ಅಷ್ಟೇ.

ಶಾಲೆಗೆ ಆಗಾಗ ಬಂದು ಮಕ್ಕಳನ್ನು ನೋಡುವ ಡಾಕ್ಟರ್ ಶ್ಯಾಮಲಾ ಈ ಕಟ್ಟುನಿಟ್ಟನ್ನು ಮೆಚ್ಚುತ್ತಾರೆ. “ಡೌನ್ ಸಿಂಡ್ರೋಮ್ ಇರೋ ಮಕ್ಕಳಲ್ಲಿ ಮೈ ಕಾಯೋ ಶಕ್ತಿ ಎರಡು ಥರ ದಾರಿ ತಪ್ಪಬಹುದು. ಹೊರಗಿಂದ ಬರೋ ಸೋಂಕನ್ನು ತಡೆಯೋದರಲ್ಲಿ ಹಿಂದೆ ಬೀಳುತ್ತೆ. ಕೆಲವೊಮ್ಮೆ ಶತ್ರು ಯಾರು ಅಂತ ತಿಳಿಯದೆ ತನ್ನ ಮೈಮೇಲೇ ತಿರುಗಿ ಬೀಳುತ್ತೆ,” ಎಂದು ವಿವರಿಸುತ್ತಾರೆ. ಈ ಎರಡನೆಯ ಮಾತು ರತ್ನಮ್ಮನಿಗೆ ಆಗ ಗೊತ್ತಿರಲಿಲ್ಲ. ಗೊತ್ತಾದದ್ದು ಭಾನುಪ್ರಿಯಳಿಂದ.

ಹದಿನಾಲ್ಕರ ಭಾನುಪ್ರಿಯ ಈ ವ್ಯಾನಿನ ಯಜಮಾನಿ. ತಾಯಿ ತ್ರಿವೇಣಿ ನಸುಕಿನ ರೈಲಿಗೆ ಬೆಂಗಳೂರಿಗೆ ಹೋಗಿ ಆಫೀಸುಗಳ ನೆಲ ಒರೆಸಿ ಬರುತ್ತಾರೆ, ಅಜ್ಜಿ ಪಿಳ್ಳಮ್ಮ ಕ್ಯಾಸಂಬಳ್ಳಿಯ ತರಕಾರಿ ತೋಟಗಳಿಗೆ ಕೂಲಿಗೆ ಹೋಗುತ್ತಾರೆ. ಮೊಮ್ಮಗಳು ಎಲ್ಲ ಮಕ್ಕಳ ಹೆಸರು ಕೂಗಿ, ಯಾರು ಎಲ್ಲಿ ಕೂರಬೇಕೆಂದು ಹೇಳಿ, ತೆಲುಗು, ತಮಿಳು, ಕನ್ನಡ ಮೂರೂ ಬೆರೆಸಿ ಎಲ್ಲರಿಗೂ ಬೈಯುತ್ತಿದ್ದಳು. ಕಳೆದ ವರ್ಷ ಆ ಬೈಗುಳ ಕಡಿಮೆಯಾಯಿತು. ಆಮೇಲೆ ಮಾತೇ ನಿಂತಿತು. ಬಾಯಿಗಿಟ್ಟ ಮುದ್ದೆ ಬಾಯಲ್ಲೇ ಉಳಿಯತೊಡಗಿತು. ವ್ಯಾನು ಹತ್ತಲು ಎತ್ತಿದ ಕಾಲನ್ನು ಎತ್ತಿದಂತೆಯೇ ಇಟ್ಟುಕೊಂಡು ನಿಂತುಬಿಡುತ್ತಿದ್ದಳು. ಈ ಮಕ್ಕಳು ಬೆಳೆದಂತೆ ಹೀಗೇ ಎಂದು ಅಕ್ಕಪಕ್ಕದವರು ಷರಾ ಬರೆದರು.

ರತ್ನಮ್ಮನ ಮೂಗಿಗೆ ಬೇರೆಯೇ ವಾಸನೆ ಬಡಿಯಿತು. ವ್ಯಾನಿಗೆ ಹೊಸ ಡ್ರೈವರ್ ಸುಧಾಕರ್ ಬಂದದ್ದೂ, ಹುಡುಗಿ ಮಾತು ಬಿಟ್ಟದ್ದೂ ಹೆಚ್ಚು ಕಡಿಮೆ ಒಟ್ಟಿಗೇ. ಗದರಿಸಿರಬಹುದು, ಹೊಡೆದಿರಬಹುದು, ಅದಕ್ಕಿಂತ ಕೆಟ್ಟದ್ದೂ ಇರಬಹುದು. ಬಚ್ಚಲಿನಲ್ಲಿ ಹುಡುಗಿಯ ಮೈಮೇಲೆ ಗಾಯ ಹುಡುಕಿದರು, ಸಿಗಲಿಲ್ಲ. ಡ್ರೈವರ್ ಪಕ್ಕದಲ್ಲೇ ಕೂತು ಅವನ ಕಣ್ಣು ಕನ್ನಡಿಯಲ್ಲಿ ಎತ್ತ ಹೋಗುತ್ತದೆಂದು ಕಾದರು. ಕೊನೆಗೆ ಎಲ್ಲರೆದುರು ನೇರವಾಗಿ ಕೇಳಿಯೇಬಿಟ್ಟರು. ಆತ ತಡವರಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದುಕೊಂಡ ರತ್ನಮ್ಮನಿಗೆ ಅಷ್ಟೇ ಸಾಕಾಯಿತು. ಶಾಲೆಯವರಿಗೆ ದೂರು ಕೊಟ್ಟರು, ಸುಧಾಕರ್ ಕೆಲಸ ಹೋಯಿತು.

ಆದರೆ ಭಾನುಪ್ರಿಯ ಸುಧಾರಿಸಲಿಲ್ಲ. ಗೋಡೆ ನೋಡಿ ನಗುವುದು ಶುರುವಾಯಿತು, ನಿದ್ದೆ ಪೂರ್ತಿ ಹೋಯಿತು. ರತ್ನಮ್ಮನ ಅನುಮಾನ ಈಗ ತನ್ನ ಮೇಲೇ ತಿರುಗಿತು. ಹುಡುಗಿಯನ್ನೂ ತ್ರಿವೇಣಿ, ಪಿಳ್ಳಮ್ಮರನ್ನೂ ಡಾಕ್ಟರ್ ಶ್ಯಾಮಲಾ ಮುಂದೆ ಕೂರಿಸಿದರು.

ಅಕ್ಕಪಕ್ಕದವರ ಆ ಷರಾಕ್ಕೆ ಡಾಕ್ಟರ್ ಗೋಣಾಡಿಸಲಿಲ್ಲ. “ಡೌನ್ ಇದ್ದರೆ ಕಲಿಯೋದು ನಿಧಾನ ಆಗುತ್ತೆ. ಕಲಿತದ್ದು ಹೀಗೆ ದಿಢೀರನೆ ಹೋಗಲ್ಲ. ಇದು ಮೇಲೆ ಬಂದ ಕಾಯಿಲೆ,” ಎಂದರು. ಇದಕ್ಕೆ ಮೊದಲು ಜ್ವರ ಬಂದಿತ್ತಾ ಎಂದು ಕೇಳಿದರು. ರತ್ನಮ್ಮ ಎದೆ ತಟ್ಟಿ ಉತ್ತರಿಸಿದರು: “ಒಂದು ದಿನಾನೂ ಇಲ್ಲ ಮೇಡಂ. ದಿನಾ ಮುಟ್ಟಿ ನೋಡಿವ್ನಿ, ಕೈ ಸುಳ್ಳೇಳಲ್ಲ.”

ಪಿಳ್ಳಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. “ಬಂದಿತ್ತು ಕಣಮ್ಮ, ಬಿಟ್ಟು ಬಿಟ್ಟು ಬತ್ತಿತ್ತು. ನೀನು ಬರೋ ಒತ್ಗೆ ಮೈ ತಣ್ಗಿರ್ಲಿ ಅಂತ ಕತ್ತಲಲ್ಲೇ ಗುಳಿಗೆ ನುಂಗಿಸ್ತಿದ್ದೆ. ನೀನು ಇಳಿಸ್ಬುಟ್ರೆ ಮಗೀನ ಯಾರ್ ನೋಡ್ಕೊಳ್ಳೋರು? ಅವಳಿಗೆ ರೈಲು, ನಂಗೆ ಕೂಲಿ.”

ರತ್ನಮ್ಮನಿಗೆ ಎಲ್ಲಿಲ್ಲದ ಕೋಪ ಬಂತು. ಮರುಕ್ಷಣವೇ ನಾಚಿಕೆಯಾಯಿತು. ತನ್ನ ಕೈಗೆ ಹೆದರಿಯೇ ಜ್ವರವನ್ನು ಮುಚ್ಚಿಟ್ಟಿದ್ದರು. ತಾನು ಕಳ್ಳನನ್ನು ಹುಡುಕಿದ್ದು ಡ್ರೈವರ್ ಸೀಟಿನಲ್ಲಿ.

ಮುಂದಿನದು ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ. ಥೈರಾಯ್ಡ್ ನೋಡಿದರು, ತಲೆಯ ಸ್ಕ್ಯಾನ್ ಮಾಡಿದರು, ಬೆನ್ನುಮೂಳೆಯಿಂದ ನೀರು ತೆಗೆದು ಪರೀಕ್ಷಿಸಿದರು. ಮೈ ಕಾಯಬೇಕಾದ ಶಕ್ತಿಯೇ ಮಿದುಳನ್ನು ಕಾಡುತ್ತಿರುವ ಹಾಗಿದೆ ಎಂದರು. ಬಚ್ಚಿಟ್ಟ ಜ್ವರ ಅದಕ್ಕೆ ಕಿಡಿಯಾಯಿತೇ? ಖಚಿತವಾಗಿ ಹೇಳಲಾಗದು ಎಂದೇ ಡಾಕ್ಟರ್ ಶ್ಯಾಮಲಾ ಈಗಲೂ ಹೇಳುತ್ತಾರೆ. ಆ ಶಕ್ತಿಯನ್ನು ಹದಕ್ಕೆ ತರುವ ಔಷಧಿಯನ್ನು ರಕ್ತನಾಳಕ್ಕೆ ಹನಿಸಿದರು. ಎಲ್ಲ ಮಕ್ಕಳಿಗೂ ಇದು ಹಿಡಿಯುವುದಿಲ್ಲ ಎಂಬ ಎಚ್ಚರಿಕೆಯನ್ನೂ ಕೊಟ್ಟರು. ಅದನ್ನು ಕೇಳಿದ ರತ್ನಮ್ಮ ಔಷಧಿಯನ್ನೂ ಅನುಮಾನದಿಂದಲೇ ನೋಡುತ್ತ ಕಾದರು.

ಈಗ ವ್ಯಾನಿನ ನಿಯಮ ಬದಲಾಗಿದೆ. ಮೈ ಬೆಚ್ಚಗಿರುವ ಮಗು ಇಂದಿಗೂ ಹತ್ತುವಂತಿಲ್ಲ. ಆದರೆ ಆ ದಿನ ವ್ಯಾನಿಗೆ ರತ್ನಮ್ಮನ ನಾದಿನಿ ಕಲಾ ಹೋಗುತ್ತಾರೆ, ರತ್ನಮ್ಮ ಮಗುವನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿ, ತಾಯಿ ಬರುವವರೆಗೆ ಜೊತೆಗಿರುತ್ತಾರೆ. “ಗುಳಿಗೆ ಕೊಟ್ಟಿದ್ರೆ ಕೊಟ್ಟೆ ಅನ್ರಿ, ನಾನು ಬಯ್ಯಲ್ಲ ಅಂತ ಏಳಿವ್ನಿ. ಆದ್ರೂ ಬಾಯಿ ಮೂಸಿ ನೋಡ್ತೀನಿ,” ಎನ್ನುತ್ತಾರೆ.

ರತ್ನಮ್ಮ ಸುಧಾಕರನ ಮನೆ ಬಾಗಿಲಿಗೆ ಹೋಗಿ ತಪ್ಪಾಯಿತು ಅಂದಿದ್ದಾರೆ, ಶಾಲೆಯವರ ಬಳಿ ಜಗಳವಾಡಿ ಕೆಲಸವನ್ನೂ ವಾಪಸ್ ಕೊಡಿಸಿದ್ದಾರೆ. ಆತ ಈಗಲೂ ಇವರೊಂದಿಗೆ ನೆಟ್ಟಗೆ ಮಾತಾಡುವುದಿಲ್ಲ. “ಕೋಪ ಐತೆ ಸಾ, ಓಗಲ್ಲ. ಆದ್ರೆ ನಂಗೊಂದು ಇಂಥ ಮಗು ಇದ್ದಿದ್ರೆ ಆಯಮ್ಮನ ಕೈಗೇ ಕೊಡ್ತಿದ್ದೆ,” ಎಂದಷ್ಟೇ ಹೇಳಿ ಸ್ಟೇರಿಂಗ್ ಒರೆಸುತ್ತಾನೆ.

ಭಾನುಪ್ರಿಯ ಪೂರ್ತಿ ಮೊದಲಿನಂತಾಗಿಲ್ಲ. ಮಾತು ತುಂಡು ತುಂಡು. ತಾನೇ ಉಣ್ಣುತ್ತಾಳೆ, ನಿದ್ದೆ ಮಾಡುತ್ತಾಳೆ. ಇನ್ನೆಷ್ಟು ಬರುತ್ತದೆ ಎಂದು ಯಾರೂ ಹೇಳುತ್ತಿಲ್ಲ.

ಹೋದ ವಾರ ಶಾಲೆಯಲ್ಲಿ ರತ್ನಮ್ಮನ ಚೀಲದಲ್ಲಿದ್ದ ಕಡಲೆಮಿಠಾಯಿ ಕಾಣೆಯಾಯಿತು. ಯಾರು ತಿಂದದ್ದು ಎಂದು ಗದರಿದರು. ಭಾನುಪ್ರಿಯ ಮೆಲ್ಲಗೆ ಕೈಯೆತ್ತಿ, ಮೂಲೆಯಲ್ಲಿ ಪಾಪ ತನ್ನಷ್ಟಕ್ಕೆ ಆಡುತ್ತಿದ್ದ ನರೇಶನನ್ನು ತೋರಿಸಿದಳು. “ಅವ್ನು,” ಎಂದಳು. ರತ್ನಮ್ಮ ನಂಬಿ, ಹುಡುಗನ ಜೇಬು ತಡಕಿ, ಬಾಯಿ ತೆರೆಸಿ ನೋಡಿದರು. ಏನೂ ಇರಲಿಲ್ಲ. ತಿರುಗಿದರೆ ಭಾನುಪ್ರಿಯಳ ಗಲ್ಲದ ಮೇಲೆ ಬೆಲ್ಲ ಅಂಟಿತ್ತು.

ಇದನ್ನು ಹೇಳುವಾಗ ರತ್ನಮ್ಮನಿಗೆ ನಗು ತಡೆಯುವುದಿಲ್ಲ, ಕಣ್ಣೀರೂ ನಿಲ್ಲುವುದಿಲ್ಲ. “ಊರೆಲ್ಲ ಅನುಮಾನ ಪಡೋಳು ನಾನು. ನಂಗೇ ಸುಳ್ಳೇಳಿ ಮೋಸ ಮಾಡ್ಬುಟ್ಳು ಸಾ, ಕಳ್ಳಿ! ಅಷ್ಟು ಬುದ್ಧಿ ವಾಪಸ್ ಬಂದೈತೆ. ಇನ್ನೂ ಮಾಡ್ಲಿ. ದಿನಾ ಮಾಡ್ಲಿ.”