ಎರೆಮಣ್ಣಿನ ಹಾದಿಗೆ ತಗ್ಗಿದ ಗಾಡಿ

ತಿರ್ಲಾಪುರದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಮನೆಯ ಮುಂದೆ ಗೋಣಿಚೀಲ ಹಾಸಿಕೊಂಡು ಕುಳಿತ ನಾಜಮೀನ್, ಮೋಟರ್ ಸೈಕಲ್ಲಿನ ಚೈನಿಗೆ ಮೆತ್ತಿದ ಮಣ್ಣನ್ನು ಬಿದಿರಿನ ಸೀಳಿನಿಂದ ಕೆರೆಯುತ್ತಿದ್ದಾರೆ. ನಿನ್ನೆ ಸಂಜೆ ಮಳೆಯಾಗಿದೆ. ಹಸಿಯಿದ್ದಾಗ ಅಂಟಾಗುವ ಎರೆಮಣ್ಣು ಒಣಗಿದರೆ ಕಲ್ಲಾಗುತ್ತದೆ. ಅದಕ್ಕೇ ಈ ಹೊತ್ತಿನ ಅವಸರ. ಕೆರೆದಾದ ಮೇಲೆ ಡೀಸೆಲ್ ಅದ್ದಿದ ಬ್ರಷ್ಷು, ಆಮೇಲೆ ಒಣ ಅರಿವೆ, ಕಡೆಗೆ ಎಣ್ಣೆ. ಹಿಂದಿನ ಗಾಲಿಯನ್ನು ಕೈಯಿಂದ ತಿರುಗಿಸಿ ಕಿವಿಗೊಡುತ್ತಾರೆ.

"ಸಪ್ಪಳ ಬರಬಾರ್ದ್ರಿ. ಬಂತಂದ್ರ ಎಲ್ಲ್ಯೋ ಮಣ್ಣು ಉಳದೈತಿ ಅಂತನ."

ನಾಜಮೀನ್ ಪಶುಸಖಿ. ಸುತ್ತಲಿನ ಹಳ್ಳಿ, ಹೊಲದ ಮನೆಗಳ ಆಕಳು, ಎಮ್ಮೆ, ಆಡುಗಳಿಗೆ ಜಂತಿನ ಔಷಧ ಕುಡಿಸುವುದು, ಗಾಯ ತೊಳೆದು ಮುಲಾಮು ಹಚ್ಚುವುದು, ಲಸಿಕೆಯ ದಿನ ಡಾಕ್ಟರ ಜೊತೆ ನಿಲ್ಲುವುದು, ಕೈಮೀರಿದ್ದಾದರೆ ಅವರಿಗೆ ಫೋನು ಹಚ್ಚುವುದು ಅವರ ಕೆಲಸ. ದಿನಕ್ಕೆ ಏಳೆಂಟು ಮನೆ. ಹತ್ತಿ ಹೊಲಗಳ ನಡುವಿನ ಚಕ್ಕಡಿ ದಾರಿಗಳಲ್ಲಿ ಮಳೆ ಬಿದ್ದ ದಿನ ಸ್ಕೂಟರಾಗಲಿ ಜೀಪಾಗಲಿ ನಡೆಯುವುದಿಲ್ಲ.

ಈ ಗಾಡಿಯನ್ನು ಹುಬ್ಬಳ್ಳಿಯಿಂದ ಸೆಕೆಂಡ್ ಹ್ಯಾಂಡ್ ತಂದವರು ಗಂಡ ಶಾಕೀರ್. ಡಾಂಬರಿಗೂ ಆಗುವ, ಹೊಲದ ದಾರಿಗೂ ಆಗುವ ಸಣ್ಣ ಎಂಜಿನ್ನಿನ, ಉದ್ದ ಕಾಲಿನ ಗಾಡಿ. ಅವರು ಲಾರಿ ಓಡಿಸಲು ಶುರುಮಾಡಿದ ಮೇಲೆ ಅದು ಗೋಡೆಗೆ ಒರಗಿ ನಿಂತಿತ್ತು. ನಾಜಮೀನ್ ಅದನ್ನು ಹೊರಗೆಳೆದರು. ಅಣ್ಣಿಗೇರಿಯಲ್ಲಿ ಗಾಡಿ ರಿಪೇರಿಯ ಅಂಗಡಿ ಇಟ್ಟಿದ್ದ ತಂದೆ ಮಾಬುಸಾಬರ ಬಳಿ ಪಾನಾ ಹಿಡಿದು ಬೆಳೆದವರಿಗೆ ಕಾರ್ಬುರೇಟರ್ ಬಿಚ್ಚಿ ತೊಳೆಯುವುದು ಹೊಸತೇನಲ್ಲ. ಎಂಜಿನ್ ಕಡೆಯ ಹಲ್ಲುಚಕ್ರ ತೆಗೆದು ಅದಕ್ಕಿಂತ ಸಣ್ಣದನ್ನು ಕೂಡಿಸಿದರು. ಓಟ ಕಡಿಮೆಯಾಯಿತು, ಎಳೆಯುವ ಶಕ್ತಿ ಹೆಚ್ಚಿತು. ಎಂಜಿನ್ನಿನ ತಳಕ್ಕೆ ದಪ್ಪ ತಗಡು ಬಂತು. ಬಾಜುವಿಗೆ ಔಷಧದ ಪೆಟ್ಟಿಗೆ ಬಂತು. ಚಕ್ಕಡಿ ಗಾಲಿಗಳು ಕೊರೆದ ತಗ್ಗಿನಲ್ಲಿ ತಳ ತಾಗದಿರಲೆಂದು ಹಿಂದಿನ ಶಾಕ್ ಅಬ್ಸಾರ್ಬರ್ ತೆಗೆದು, ದೊಡ್ಡ ಗಾಡಿಯ ಉದ್ದನೆಯ ಶಾಕ್ ಹಾಕಿದರು. ಗಾಡಿ ಎತ್ತರವಾಯಿತು. ನಾಜಮೀನ್ ಎತ್ತರದ ಹೆಂಗಸಲ್ಲ.

ಹೋದ ವರ್ಷದ ಹಿಂಗಾರಿಯಲ್ಲಿ, ಮಳೆ ಬಿದ್ದ ಒಂದು ಮಧ್ಯಾಹ್ನ ಹೊಲದ ಮನೆಯಿಂದ ರೇವವ್ವನ ಫೋನು ಬಂತು. "ತಂಗಿ, ಎಮ್ಮಿ ಮುಂಜಾನಿಂದ ತಿಣಕಾಕತ್ತೈತಿ. ಕರುವಿಂದ ಒಂದ ಕಾಲು ಕಾಣತೈತಿ, ಇನ್ನೊಂದಿಲ್ಲ. ಲಗೂನ ಬಾ ಬೇ." ನಾಜಮೀನ್ ಪಶುವೈದ್ಯ ಗೌರೀಶರಿಗೆ ತಿಳಿಸಿದರು. ಅವರ ಜೀಪು ಡಾಂಬರು ಮುಗಿದಲ್ಲಿ ನಿಂತುಬಿಟ್ಟಿತು.

"ಹತ್ರಿ ಸರ್, ಹಿಂದ ಕುಂದರ್ರಿ," ಎಂದರು ನಾಜಮೀನ್.

ಅರ್ಧ ದಾರಿಯಲ್ಲಿ ಮುಂದಿನ ಗಾಲಿ ಜಾರಿತು. ಗಾಡಿ ಎಡಕ್ಕೆ ವಾಲಿದಾಗ ನಾಜಮೀನ್ ಕಾಲು ನೆಲ ಹುಡುಕಿತು, ಸಿಗಲಿಲ್ಲ. ಇಬ್ಬರೂ ಬಿದ್ದರು. ಡಾಕ್ಟರಿಗೆ ಪೆಟ್ಟಾಗಲಿಲ್ಲ. ನಾಜಮೀನ್ ಹೇಳಿದ್ದಕ್ಕೆ ಡಾಕ್ಟರು ಅವರನ್ನು ಅಲ್ಲೇ ಬಿಟ್ಟು, ಚೀಲ ಹೊತ್ತು ಕೆಸರಿನಲ್ಲಿ ನಡೆದೇ ಹೋದರು. ಅವರು ಮುಟ್ಟುವಷ್ಟರಲ್ಲಿ ಕರು ಸತ್ತಿತ್ತು. ಎಮ್ಮೆ ಉಳಿಯಿತು. ನಾಜಮೀನ್ ಮುರಿದ ಎಡ ಮುಂಗೈಯನ್ನು ತೊಡೆಯ ಮೇಲಿಟ್ಟುಕೊಂಡು ಗಾಡಿಯ ಪಕ್ಕ ಕುಳಿತಿದ್ದರು.

ಮರುದಿನ ನೋಡಲು ಬಂದ ರೇವವ್ವ, "ನೀ ಕರಕೊಂಡ ಬರದಿದ್ರ ಎಮ್ಮೀನೂ ಹೋಗತಿತ್ತ," ಎಂದು ಸಮಾಧಾನ ಹೇಳಿದರು. ನಾಜಮೀನ್‌ಗೆ ಅದು ಹಿಡಿಸಲಿಲ್ಲ. "ಗಾಡಿ ಎತ್ತರ ಮಾಡಿದಾಕಿ ನಾನ ಅಲ್ಲೇನ್ರೀ? ಎಂಜಿನ್ನಿನ ತಳ ನೋಡಿದ್ನಿ, ನನ್ನ ಕಾಲು ನೋಡ್ಲಿಲ್ಲ," ಎನ್ನುತ್ತಾರೆ ಈಗಲೂ.

ಅತ್ತೆ ಖಾದರಬಿ ಗಾಡಿ ಮಾರಿಬಿಡು ಎಂದರು. ಸೊಸೆ ಪ್ಲಾಸ್ಟರ್ ಹಾಕಿದ ಕೈಯಲ್ಲೇ ಗಾಡಿಯ ಕೆಳಗೆ ಕಟ್ಟಿಗೆಯ ದಿಮ್ಮಿ ಕೊಟ್ಟು ಶಾಕಿನ ಬೋಲ್ಟು ಬಿಚ್ಚಲು ಕುಳಿತರು. ಒಂದು ಕಡೆ ಹಿಡಿದು ಇನ್ನೊಂದು ಕಡೆ ತಿರುವಬೇಕು. ಒಂದೇ ಕೈಗೆ ಆಗುವ ಕೆಲಸವಲ್ಲ. ಬಾಗಿಲಲ್ಲಿ ನಿಂತು ಬಹಳ ಹೊತ್ತು ಬೈದ ಖಾದರಬಿ ಕಡೆಗೆ ಸೆರಗು ಸಿಕ್ಕಿಸಿಕೊಂಡು ಬಂದು ಪಾನಾ ಕಸಿದುಕೊಂಡರು.

"ಬಿಗಿ ಹಿಡೀರಿ ಅಮ್ಮೀ."

"ಹಿಡದೇನ್ ಬೇ, ನೀ ತಿರುವು."

ಮೊದಲಿನ ಶಾಕ್ ಮತ್ತೆ ಕೂತಿತು. ಸೀಟಿನ ಸ್ಪಂಜನ್ನು ಅತ್ತೆಯೇ ಈಳಿಗೆಯಲ್ಲಿ ಕೊಯ್ದು ತೆಳುವಾಗಿಸಿ, ಹೊದಿಕೆ ಹೊಲಿದರು. ಮುಂದಿನ ಗಾಲಿ ಹಿಡಿದ ಫೋರ್ಕನ್ನೂ ಹಿಡಿಕೆಯ ಕಡೆ ತುಸು ಮೇಲಕ್ಕೆ ಸರಿಸಿ ಬಿಗಿಮಾಡಿದ ಮೇಲೆ ಗಾಡಿ ಮೊದಲಿಗಿಂತಲೂ ತಗ್ಗಾಯಿತು. ಈಗ ತಳದ ತಗಡು ಆಗಾಗ ನೆಲಕ್ಕೆ ಬಡಿಯುತ್ತದೆ. ಬಡಿಯಲಿ ಎಂದು ಬಿಟ್ಟಿದ್ದಾರೆ.

ಈ ಶ್ರಾವಣದಲ್ಲಿ ಈರಬಸಪ್ಪ ಎಂಬವರ ಆಕಳಿಗೂ ಕರು ಹಾಕುವಾಗ ಅದೇ ತೊಂದರೆಯಾಯಿತು. ಮಳೆ ಬಿಟ್ಟಿರಲಿಲ್ಲ. ಗೌರೀಶ ಒಂದು ಗಳಿಗೆ ಗಾಡಿಯನ್ನು ನೋಡಿ, ಹತ್ತಿ ಕುಳಿತರು. ದಾರಿಯಲ್ಲಿ ಎರಡು ಸಲ ಗಾಡಿ ಜಾರಿತು. ಎರಡು ಸಲವೂ ನಾಜಮೀನ್ ಕಾಲೂರಿ ನಿಲ್ಲಿಸಿದರು. ಕರು ಜೀವಂತ ಹೊರಬಂತು. ಎರಡು ದಿನ ಬಿಟ್ಟು ಈರಬಸಪ್ಪ ಡಬ್ಬಿಯಲ್ಲಿ ಗಿಣ್ಣ ಕಳಿಸಿದರು. ಖಾದರಬಿ ಅದನ್ನು ಓಣಿಗೆಲ್ಲ ಹಂಚಿದರು.

ಬಿಸಿಲು ಏರುತ್ತಿದೆ. ನಾಜಮೀನ್ ಕೈ ಒರೆಸಿಕೊಂಡು ಔಷಧದ ಪೆಟ್ಟಿಗೆ ಬಿಗಿಯುತ್ತಾರೆ. ಏನಾದರೂ ಬೇಕೆನಿಸುತ್ತದೆಯೇ ಎಂದು ಕೇಳಿದರೆ ಗೋಡೆಯ ಬದಿಯ ಖಾಲಿ ಜಾಗ ತೋರಿಸುತ್ತಾರೆ.

"ಇಲ್ಲೆ ಒಂದ ತಗಡಿನ ಚಪ್ಪರ ಆಗಬೇಕ್ರಿ, ಗಾಡಿಗೆ. ನಾ ತೊಯ್ದ್ರ ಒಣಗತೇನಿ. ಚೈನ್ ತೊಯ್ದ್ರ ಜಂಗ ಹಿಡೀತೈತಿ."